ಪರದೆ ಮಾಸ್ತರರ ಬಣ್ಣ ಬಯಲಾದದ್ದು

ಮುಚ್ಚಿಡುವುದನ್ನೇ ಕಸುಬು ಮಾಡಿಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ವಕೀಲರಿದ್ದಾರೆ, ತೇವ ಹಿಡಿದ ಗೋಡೆಗೆ ಬಣ್ಣ ಬಳಿದು ಮನೆ ಬಾಡಿಗೆಗೆ ಕೊಡುವವರಿದ್ದಾರೆ, ಇದ್ದ ನಾಲ್ಕು ಕೂದಲನ್ನು ಬೋಳುತಲೆಯ ಮೇಲೆ ಅಡ್ಡಡ್ಡ ಬಾಚಿಕೊಳ್ಳುವ ನಮ್ಮಂಥವರೂ ಇದ್ದೇವೆ. ಆದರೆ ಬೋರ್ಡು ಹಾಕಿ, ಬೀದಿಗೆ ಬಾಗಿಲು ತೆರೆದು, ಹಾಡಹಗಲೇ ರಾಜಾರೋಷವಾಗಿ ಆ ಕೆಲಸ ಮಾಡುತ್ತಿದ್ದವರು ನಮ್ಮ ಪರದೆ ಮಾಸ್ತರು.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸಾಮ್ರಾಜ್ಯ. ಮೆಟ್ಟಿಲು ಹತ್ತಿದರೆ ಎದುರಿಗೆ ಬಟ್ಟೆ ಕತ್ತರಿಸುವ ಉದ್ದದ ಮೇಜು, ಅದರ ಮೇಲೆ ಸೀಮೆಸುಣ್ಣದ ತುಂಡು, ಇಸ್ತ್ರಿ ಪೆಟ್ಟಿಗೆ. ಬದಿಗೆ ಹೊಲಿಗೆ ಯಂತ್ರ. ಅದರಾಚೆ ಒಂದು ಹಿಂಕೋಣೆ. ಅಂಗಡಿಗೂ ಹಿಂಕೋಣೆಗೂ ನಡುವೆ ತೂಗುತ್ತಿದ್ದದ್ದು ಒಂದು ಹಳೆಯ ಪರದೆ. ಊರೆಲ್ಲ ಕರ್ಟನ್ ಎಂದರೂ ಮಾಸ್ತರು ಮಾತ್ರ ಪರದೆ ಎನ್ನದೆ ಬಿಡುತ್ತಿರಲಿಲ್ಲ. "ಕರ್ಟನ್ ಇದೆಯಾ?" ಎಂದು ಕೇಳಿಕೊಂಡು ಬಂದವರಿಗೆ "ಕರ್ಟನ್ ಎದುರಿನ ಅಂಗಡೀಲಿ ಸಿಗುತ್ತೆ, ಇಲ್ಲಿ ಪರದೆ ಮಾತ್ರ" ಎಂದು ಗುಡುಗುತ್ತಿದ್ದರು. ಅವರು ನಿಜವಾಗಿಯೂ ಎದುರಿನ ಅಂಗಡಿಗೆ ಹೊರಟರೆ ತಾವೇ ಮೆಟ್ಟಿಲಿಳಿದು ಓಡಿ ಕೈಹಿಡಿದು ಕರೆತರುತ್ತಿದ್ದರು. ಈ ಭಾಷಾಭಿಮಾನವೇ ಮುಂದೊಂದು ದಿನ ಅವರ ಕಾಲಿಗೆ ತೊಡರಿಕೊಂಡಿತು. ಅದಕ್ಕೆ ಆಮೇಲೆ ಬರೋಣ.

ಕೆಲಸದಲ್ಲಿ ಮಾಸ್ತರರದು ಒಂದು ವಿಚಿತ್ರ ಪದ್ಧತಿ. ಯಾರ ಮನೆಗೆ ಕರೆದರೂ ಅವರು ನೆಟ್ಟಗೆ ಒಳಗೆ ಹೋಗುತ್ತಿರಲಿಲ್ಲ. ಮೊದಲು ರಸ್ತೆ ದಾಟಿ, ಎದುರು ಮನೆಯ ಮಹಡಿ ಹತ್ತಿ, ಅಲ್ಲಿಂದ ಗಿರಾಕಿಯ ಕಿಟಕಿಯೊಳಗೆ ಇಣುಕಿ ನೋಡುತ್ತಿದ್ದರು. ಎಷ್ಟೋ ಸಲ ಕಳ್ಳನೆಂದು ಬೈಸಿಕೊಂಡದ್ದೂ ಉಂಟು. "ಒಳಗೆ ನಿಂತು ಪರದೆ ಹಾಕೋನು ದಡ್ಡ. ಏನು ಕಾಣುತ್ತೆ ಅಂತ ಮೊದಲು ಆಚೆಯಿಂದ ನೋಡ್ಬೇಕು," ಎಂಬುದು ಅವರ ಬೋಧನೆ. ಅವರು ಹಾಕಿದ ಪರದೆಯ ನೆರಿಗೆ ನದಿಯ ಅಲೆಯ ಹಾಗೆ ಒಂದರ ಪಕ್ಕ ಒಂದು ಬೀಳುತ್ತಿತ್ತು. ಗಾಳಿ ಬೀಸಿದರೆ ಉಬ್ಬುತ್ತಿತ್ತೇ ಹೊರತು ಒಳಗಿನದನ್ನು ಬಿಟ್ಟುಕೊಡುತ್ತಿರಲಿಲ್ಲ.

ಇಷ್ಟು ಸಾಲದೆಂಬಂತೆ ಮಾಸ್ತರರಿಗೆ ಬಣ್ಣದ ಜ್ಞಾನಿ ಎಂಬ ಬಿರುದು ಬೇರೆ. ಕೆಂಪು, ಹಸಿರು ಎಂಬ ಬಡಪಾಯಿ ಶಬ್ದಗಳು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. "ಇದು ನೋಡಿ ಅಮ್ಮಾ, ಕೋಪ ಇಳಿದ ಮೇಲೆ ಉಳಿಯೋ ಬಣ್ಣ," ಎನ್ನುವರು. "ಇದು ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಗೋಡೆ ಮೇಲೆ ಕಾಣೋ ಬಣ್ಣ." ಗಿರಾಕಿಗಳು ಮೂಕವಿಸ್ಮಿತರಾಗಿ ತಲೆದೂಗುವರು. ಎದುರಿನ ಅಂಗಡಿಯವನು ಮೇಲಿಂದ ಕೆಳಗಿನವರೆಗೆ ಉರಿದುಹೋಗುವನು.

ನಿಜ ಸಂಗತಿ ಏನೆಂದರೆ, ಮಾಸ್ತರರಿಗೆ ಕೆಂಪು ಯಾವುದು, ಹಸಿರು ಯಾವುದು ಎಂಬುದು ಹುಟ್ಟಿದಂದಿನಿಂದಲೂ ತಿಳಿಯುತ್ತಿರಲಿಲ್ಲ. ಎರಡೂ ಒಂದೇ ಬಗೆಯ ಮಬ್ಬು. ಟೊಮೇಟೊ ತರಲು ಕಳಿಸಿದರೆ ಕಾಯಿ ತರುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಕಡುಗೆಂಪು ಉಡುಪನ್ನು ಕಂಡು, "ಈ ಹಸಿರು ನಿನಗೆ ಬಹಳ ಒಪ್ಪುತ್ತೆ ಕಣೇ," ಎಂದು ಮನಸಾರೆ ಹೊಗಳಿದರು. ಹೆಂಡತಿ ಅವರ ಮುಖವನ್ನೇ ನೋಡಿದರು. ತಮಾಷೆಯಲ್ಲ ಎಂದು ಗೊತ್ತಾಯಿತು. ಮರುದಿನದಿಂದಲೇ ಹಿಂಕೋಣೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು, ಪರದೆಯ ಸಂದಿನಿಂದ ಅಂಗಡಿಯನ್ನು ನೋಡುತ್ತಾ ಕುಳಿತರು. ಒಂದು ಸಲ ಕೆಮ್ಮಿದರೆ ಕೆಂಪು, ಎರಡು ಸಲ ಕೆಮ್ಮಿದರೆ ಹಸಿರು, ಗಂಟಲು ಸರಿಮಾಡಿಕೊಂಡರೆ ಕಂದು. ಈ ಕೆಮ್ಮಿನ ಮೇಲೆ ಸಂಸಾರ ಸಾಗಿತು, ಮಗಳು ಓದಿದಳು, ಮದುವೆಯಾಗಿ ಬೇರೆ ಊರು ಸೇರಿದಳು. ಗಂಡಹೆಂಡಿರ ನಡುವಿನ ಈ ಗುಟ್ಟು ಅವಳಿಗೂ ಗೊತ್ತಿರಲಿಲ್ಲ. ಹೊರಬಿದ್ದರೆ ಅಂಗಡಿಯ ಗತಿ ಏನು? ಬಣ್ಣ ಕಾಣದ ಪರದೆಯವನ ಹತ್ತಿರ ಯಾವ ಪುಣ್ಯಾತ್ಮ ಬಂದಾನು?

ಹೀಗಿರುವಾಗ ಮಾಸ್ತರರ ಹೆಂಡತಿಗೆ ನಿಜವಾದ ಕೆಮ್ಮು ಬಂತು.

ಆ ವಾರದ ಅನಾಹುತಗಳನ್ನು ವರ್ಣಿಸಲು ನನ್ನ ಲೇಖನಿ ಸಾಲದು. ಕೆಂಪು-ಹಸಿರು-ಕೆಂಪು-ಕಂದು-ಹಸಿರು ಎಂದು ಹಿಂಕೋಣೆಯಿಂದ ಬಣ್ಣಗಳ ಮಳೆಯೇ ಸುರಿಯಿತು. ಹಲ್ಲಿನ ಡಾಕ್ಟರೊಬ್ಬರು ರೋಗಿಗಳು ಕೂರುವ ಕೋಣೆಗೆ ತಂಪಾದ ಹಸಿರು ಕೇಳಿದ್ದರು. ಅವರಿಗೆ ಹೋಗಿ ಮುಟ್ಟಿದ್ದು ಅಪ್ಪಟ ರಕ್ತದ ಬಣ್ಣ. ಅದನ್ನು ಕಂಡ ರೋಗಿಗಳು ಹಲ್ಲುನೋವು ತಾನಾಗಿ ವಾಸಿಯಾಯಿತೆಂದು ಎದ್ದುಹೋದರಂತೆ. ಪರದೆ ವಾಪಸು ಬಂತು. ಮೊದಲ ಸಲ ಬಂತು.

"ಇನ್ನು ಕೆಮ್ಮು ನಂಬಂಗಿಲ್ಲ," ಎಂದರು ಮಾಸ್ತರು, ತಲೆಯ ಮೇಲೆ ಕೈಹೊತ್ತು.

"ಮೆಸೇಜ್ ಹಾಕ್ತೀನಿ ಬಿಡ್ರೀ," ಎಂದರು ಹೆಂಡತಿ, ಅರ್ಧ ಧ್ವನಿಯಲ್ಲಿ. ಉಳಿದರ್ಧ ಆಗಲೇ ಹೋಗಿತ್ತು.

ಉಪಾಯವೇನೋ ಒಳ್ಳೆಯದೇ. ಮೇಜಿನ ಮೇಲಿರುವ ಫೋನಿನತ್ತ ಒಮ್ಮೆ ಕಣ್ಣು ಹಾಯಿಸಿದರೆ ಮುಗಿಯಿತು. ಆದರೆ ಗಿರಾಕಿಗಳ ಕಣ್ಣಿಗೂ ಬಿದ್ದರೆ? ಮಾಸ್ತರು ಚಾಣಾಕ್ಷರು. ಫೋನಿನಲ್ಲಿ ಹೆಂಡತಿಯ ಹೆಸರನ್ನು ಅಳಿಸಿ 'ಗೋಡೌನ್' ಎಂದು ಬರೆದುಕೊಂಡರು. ಗೋಡೌನಿನಿಂದ ಬಣ್ಣದ ವಿಚಾರ ಬಂದರೆ ಯಾರಿಗೆ ತಾನೇ ಅನುಮಾನ? ಈ ನಾಮಕರಣದ ಸುದ್ದಿಯನ್ನು ಹೆಂಡತಿಗೆ ತಿಳಿಸುವಷ್ಟು ಮಾತ್ರ ಅವರು ಧೈರ್ಯಶಾಲಿಗಳಲ್ಲ.

ಸರಿಯಾಗಿ ಅದೇ ಹೊತ್ತಿಗೆ ಮಾಸ್ತರರ ಜೀವಮಾನದ ಕೆಲಸ ಒದಗಿಬಂತು. ಪಕ್ಕದ ಊರಿನ ನಾಟಕಮಂದಿರವನ್ನು ಹೊಸದಾಗಿ ಕಟ್ಟಿದ್ದರು. ರಂಗದ ಮುಂದೆ ತೂಗುವ ದೊಡ್ಡ ಪರದೆ ಬೇಕು. ಜೀವನವಿಡೀ ಕಿಟಕಿಗಳಿಗೇ ಹೊಲಿದ ಮನುಷ್ಯನಿಗೆ ಇದು ಹೊಳೆಯಲ್ಲಿ ಈಜಿದವನಿಗೆ ಕಡಲು ಸಿಕ್ಕಂತೆ. ತೊಡಕು ಇದ್ದದ್ದು ಒಂದೇ. ಮಂದಿರದ ಕಾರ್ಯದರ್ಶಿಗಳಿಗೆ ಕೆಂಪು ಪರದೆಯೇ ಆಗಬೇಕು, ಅಧ್ಯಕ್ಷೆಯವರಿಗೆ ಹಸಿರೇ ಆಗಬೇಕು. ಇಬ್ಬರೂ ಮಾತು ಬಿಟ್ಟು, ಮೂರನೆಯವರ ಮೂಲಕ ಒಬ್ಬರಿಗೊಬ್ಬರು ಹೇಳಿಕಳಿಸಿ, ಕೊನೆಗೆ ಸುಸ್ತಾಗಿ, ಬಣ್ಣದ ಜ್ಞಾನಿಯೊಬ್ಬರು ಹೇಳಿದಂತೆ ಆಗಲಿ ಎಂದು ಒಪ್ಪಿದ್ದರು. ಜ್ಞಾನಿ ಯಾರು? ನಮ್ಮ ಮಾಸ್ತರು!

ಸಮಿತಿಯವರು ವಿಡಿಯೋ ಕರೆಯಲ್ಲಿ ಬಟ್ಟೆ ನೋಡುತ್ತೇವೆಂದರು. ಮಗಳು ಕಳೆದ ಸಲ ಬಂದಾಗ ಅಪ್ಪನಿಗೆ ಸುಲಭವಾಗಲೆಂದು ಫೋನನ್ನು ಪೂರ್ತಿ ಕನ್ನಡಕ್ಕೆ ತಿರುಗಿಸಿ ಹೋಗಿದ್ದಳು. ಮಾಸ್ತರು ಫೋನನ್ನು ಇಸ್ತ್ರಿ ಪೆಟ್ಟಿಗೆಗೆ ಒರಗಿಸಿ, ಎರಡು ಮಖಮಲ್ಲಿನ ತುಂಡುಗಳನ್ನು ಮುಂದಿಟ್ಟುಕೊಂಡು, ಕನ್ನಡಕ ಏರಿಸಿ, ಮದುಮಗನಂತೆ ತಲೆ ಬಾಚಿ ನಿಂತರು. ಹಿಂಕೋಣೆಯ ಸಂದಿನಲ್ಲಿ ಹೆಂಡತಿಯ ಒಂದು ಕಣ್ಣು, ಅದರ ಕೆಳಗೆ ಅವರ ಫೋನು. ಗಂಟಲು ಆ ಹೊತ್ತಿಗೆ ಪೂರ್ತಿ ಕಟ್ಟಿಹೋಗಿತ್ತು.

"ಮಾಸ್ತರೇ, ಎಲ್ಲಿ, ಪರದೆ ತೋರಿಸಿ," ಎಂದರು ಕಾರ್ಯದರ್ಶಿಗಳು.

ಮಾಸ್ತರು ಫೋನಿನ ಮೇಲೆ ಕಣ್ಣಾಡಿಸಿದರು. ಕೆಳಗಡೆ, ಎಲ್ಲ ಗುಂಡಿಗಳ ಸಾಲಿನಲ್ಲಿ, ಸ್ವಚ್ಛ ಕನ್ನಡದಲ್ಲಿ ಬರೆದಿತ್ತು: ಪರದೆ ಹಂಚಿಕೊಳ್ಳಿ.

ಅವರ ಎದೆ ತುಂಬಿಬಂತು. ಯಾವ ದೇಶದ ಯಾವ ಮೂಲೆಯಲ್ಲಿ ಕುಳಿತ ಯಾವ ಮಹಾನುಭಾವನೋ ತಮ್ಮ ಕಸುಬಿಗೆಂದೇ ಒಂದು ಗುಂಡಿ ಮಾಡಿಟ್ಟಿದ್ದಾನೆ! ಅದೂ ಕರ್ಟನ್ ಎನ್ನದೆ ಪರದೆ ಎಂದಿದ್ದಾನೆ! ಕೆಳಗಿನ ಅಂಗಡಿಯವನಿಗೆ ಚಪ್ಪಲಿ ಹಂಚಿಕೊಳ್ಳಿ ಅಂತ ಇದೆಯೇ? ಇಲ್ಲ. ಹೆಮ್ಮೆಯಿಂದ ಒತ್ತಿದರು.

ಫೋನು ಒಂದು ಎಚ್ಚರಿಕೆ ಕೊಟ್ಟಿತು: 'ನಿಮ್ಮ ಪರದೆಯ ಮೇಲೆ ಇರುವುದೆಲ್ಲವೂ ಎಲ್ಲರಿಗೂ ಕಾಣಿಸುತ್ತದೆ. ಖಾಸಗಿ ಮಾಹಿತಿಯ ಬಗ್ಗೆ ಎಚ್ಚರವಿರಲಿ. ಪ್ರಾರಂಭಿಸಬೇಕೆ?'

ಮಾಸ್ತರು ಎಚ್ಚರ ತಪ್ಪುವವರೇ? ಎರಡೂ ಮಖಮಲ್ಲನ್ನು ಹಿಂದೆ ಮುಂದೆ ತಿರುವಿ ಪರೀಕ್ಷಿಸಿದರು. ಒಂದರ ಅಂಚಿನಲ್ಲಿ ಸಗಟು ವ್ಯಾಪಾರಿಯ ಚೀಟಿ ಅಂಟಿಕೊಂಡಿತ್ತು. ಕಿತ್ತು ಜೇಬಿಗಿಳಿಸಿದರು. ಸೀಮೆಸುಣ್ಣದ ಗೆರೆಯನ್ನು ತಟ್ಟಿ ಉದುರಿಸಿದರು. ಇನ್ನು ಪರದೆಯ ಮೇಲೆ ಯಾವ ಖಾಸಗಿ ಮಾಹಿತಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ 'ಹೌದು' ಒತ್ತಿ, ತುಂಡುಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

ಆ ಕಡೆ ಸಮಿತಿಯವರ ದೊಡ್ಡ ಟಿವಿಯಲ್ಲಿ ಮಾಸ್ತರು ಕುಗ್ಗಿ ಕುಗ್ಗಿ ಮೂಲೆಯಲ್ಲಿ ಹೆಬ್ಬೆರಳಿನಷ್ಟಾದರು. ಉಳಿದ ಜಾಗವನ್ನೆಲ್ಲ ಅವರ ಫೋನೇ ಆವರಿಸಿಕೊಂಡಿತು. ಅದರ ನೆತ್ತಿಯಿಂದ ಒಂದು ಮೆಸೇಜು ಮೆಲ್ಲನೆ ಕೆಳಗಿಳಿಯಿತು.

ಗೋಡೌನ್: 'ಬಲಗೈದು ಕೆಂಪು, ಎಡಗೈದು ಹಸಿರು. ಉಸಿರು ಬಿಡಿ.'

ಮಾಸ್ತರು ಓದಿಕೊಂಡು, ಉಸಿರು ಬಿಟ್ಟು, ಗಂಭೀರವಾಗಿ ಶುರು ಮಾಡಿದರು. "ನೋಡಿ ಮೇಡಂ, ನನ್ನ ಬಲಗೈಯಲ್ಲಿರೋದು..."

"ಕೆಂಪು," ಎಂದರು ಅಧ್ಯಕ್ಷೆ.

"ಎಡಗೈಯಲ್ಲಿರೋದು..."

"ಹಸಿರು. ಉಸಿರು ಬಿಟ್ಟಿರಲ್ಲ, ಸರಿ," ಎಂದರು ಕಾರ್ಯದರ್ಶಿಗಳು.

ಮಾಸ್ತರು ಕಕ್ಕಾಬಿಕ್ಕಿಯಾದರು. ಉಸಿರು ಬಿಟ್ಟದ್ದು ಪಕ್ಕದೂರಿಗೆ ಕೇಳಿಸಿತೇ? ಇನ್ನೊಂದು ಮೆಸೇಜು ಇಳಿಯಿತು.

ಗೋಡೌನ್: 'ಕೆಂಪು ಸ್ವಲ್ಪ ಮೇಲೆತ್ತಿ. ಆ ಕಾರ್ಯದರ್ಶಿ ಧ್ವನಿ ಕೇಳಿದ್ರೆ ಊಟ ಆಗಿಲ್ಲ ಅನ್ಸುತ್ತೆ. ಸಿಡಿಮಿಡಿ ಅಂತಿದ್ದಾರೆ.'

ಮಾಸ್ತರು ಕೈ ಎತ್ತಿದರು. ಆ ಕಡೆಯಿಂದ ಕಾರ್ಯದರ್ಶಿಗಳ ಧ್ವನಿ ಬಿಗಿಯಾಗಿ ಬಂತು. "ನನಗೆ ಊಟ ಆಗಿದೆ."

"ಬಹಳ ಸಂತೋಷ ಸಾರ್," ಎಂದರು ಮಾಸ್ತರು, ತಲೆಬುಡ ತಿಳಿಯದೆ.

"ಸಿಡಿಮಿಡಿ ಅಂತೀರಿ ಅಂತ ನಾನೂ ಹೇಳ್ತಾನೇ ಇದ್ದೆ, ಕೇಳಿದ್ರಾ?" ಎಂದು ಅಧ್ಯಕ್ಷೆ ಕಿಸಕ್ಕನೆ ನಕ್ಕರು.

ಗೋಡೌನ್: 'ಆ ಮೇಡಂ ನಗ್ತಿದ್ದಾರೆ. ನಗೋರು ಬೇಗ ಒಪ್ಕೋತಾರೆ. ಬಿಡಬೇಡಿ, ಹಿಡ್ಕೊಳ್ಳಿ.'

"ಅಷ್ಟು ಬೇಗ ಒಪ್ಪೋಳಲ್ಲಪ್ಪ ನಾನು," ಎಂದರು ಅಧ್ಯಕ್ಷೆ, ಇನ್ನೂ ನಗುತ್ತಲೇ.

ಮಾಸ್ತರು ಫೋನನ್ನು ದುರುಗುಟ್ಟಿ ನೋಡಿದರು. ತಮ್ಮ ಫೋನಿಗೆ ಬಂದದ್ದು ಇವರಿಗೆ ತಿಳಿಯುತ್ತಿದೆ. ಹೇಗೆ? ಅವರ ತಲೆ ಹೊಲಿಗೆ ಯಂತ್ರದಂತೆ ಗಡಗಡ ಓಡಿತು, ದಾರ ಮಾತ್ರ ಸೂಜಿಗೆ ಬಿದ್ದಿರಲಿಲ್ಲ. ಕೊನೆಗೆ ಹೊಳೆಯಿತು: ಕನ್ನಡಕ! ಗಾಜಿನಲ್ಲಿ ಮೆಸೇಜಿನ ಪ್ರತಿಬಿಂಬ ಬೀಳುತ್ತಿದೆ, ಹದ್ದಿನ ಕಣ್ಣಿನ ಈ ಮೇಡಂ ಅದನ್ನು ಓದುತ್ತಿದ್ದಾರೆ! ತಮ್ಮ ಬುದ್ಧಿಗೆ ತಾವೇ ಮೆಚ್ಚಿ, ಎರಡೂ ತುಂಡುಗಳನ್ನು ಮೇಜಿನ ಮೇಲೆ ಹಾಕಿ, ಕನ್ನಡಕ ಕಳಚಿ ಜೇಬಿಗೆ ಸೇರಿಸಿ, ತುಂಡುಗಳನ್ನು ಮತ್ತೆ ಎತ್ತಿಕೊಂಡರು.

ಈಗ ಪ್ರತಿಬಿಂಬದ ಭಯವಿಲ್ಲ. ಮೆಸೇಜನ್ನು ಓದುವ ಭಾಗ್ಯವೂ ಇಲ್ಲ.

ಫೋನಿನ ಮೇಲೆ ಏನೋ ಮಸುಕಾಗಿ ಇಳಿಯಿತು, ಇನ್ನೊಂದು ಇಳಿಯಿತು, ಮತ್ತೊಂದು. ಮಾಸ್ತರು ಎದೆಯುಬ್ಬಿಸಿ, "ಬಲಗೈಯಲ್ಲಿರೋ ಈ ಕೆಂಪು ಇದೆಯಲ್ಲ ಸಾರ್, ಇದು ರಾಜಗಾಂಭೀರ್ಯದ ಬಣ್ಣ," ಎಂದರು.

"ಮಾಸ್ತರೇ," ಎಂದರು ಅಧ್ಯಕ್ಷೆ, "ಕೈ ಅದಲುಬದಲಾಗಿದೆಯಂತೆ."

"ಯಾರು ಹೇಳಿದ್ದು?"

"ನಿಮ್ಮ ಗೋಡೌನು."

ಹಿಂಕೋಣೆಯ ಸಂದಿನಲ್ಲಿದ್ದ ಕಣ್ಣು ಒಮ್ಮೆ ಮಿಟುಕಿತು. ಗೋಡೌನ್ ಎಂಬ ಮಾತು ಅಲ್ಲಿಗೂ ಕೇಳಿಸಿತ್ತು.

"ಗೋಡೌನು ಹೇಳಿದ್ದು ಬೇರೆ ಬಟ್ಟೆ ವಿಚಾರ ಮೇಡಂ..."

"ಇರಲಿ. ನಿಮ್ಮ ಗೋಡೌನು ನಿಮ್ಮನ್ನ 'ರೀ!' ಅಂತ ಯಾಕೆ ಕರೆಯುತ್ತೆ?"

ಓದುಗರೇ, ನಮ್ಮ ಭಾಷೆಯಲ್ಲಿ ಯಾರು ಯಾರನ್ನು ಬೇಕಾದರೂ ರೀ ಎನ್ನಬಹುದು. ಬಸ್ಸಿನಲ್ಲಿ ಕಾಲು ತುಳಿದವನನ್ನೂ ಅನ್ನಬಹುದು. ಆದರೆ ಹಿಂದೆಮುಂದೆ ಏನೂ ಇಲ್ಲದ, ಬೆನ್ನಿಗೆ ಗುದ್ದಿದಂತೆ ಬಂದು ಬೀಳುವ ಒಂಟಿ 'ರೀ!' ಗಂಡಸಿನ ಬಾಳಿನಲ್ಲಿ ಒಂದೇ ದಿಕ್ಕಿನಿಂದ ಬರುತ್ತದೆ. ಇದು ಅಧ್ಯಕ್ಷೆಗೂ ಗೊತ್ತು, ಕಾರ್ಯದರ್ಶಿಗೂ ಗೊತ್ತು.

"ಹಳೇ ಗೋಡೌನು ಮೇಡಂ," ಎಂದರು ಮಾಸ್ತರು ತೊದಲುತ್ತಾ. "ಬಹಳ ವರ್ಷದ ಸಲುಗೆ."

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು. ಮಾಸ್ತರರಿಗೆ ಅಭ್ಯಾಸಬಲದಿಂದ 'ಕಂದು' ಎನಿಸಿತು. "ಮಾಸ್ತರೇ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಕೆಂಪು ಹಸಿರು ಗೊತ್ತಾಗಲ್ವಾ?"

ಕೆಳಗೆ ಚಪ್ಪಲಿ ಅಂಗಡಿಯವನು ಯಾರಿಗೋ ಅಳತೆ ಕೇಳುತ್ತಿದ್ದದ್ದು ಮೇಲಕ್ಕೆ ಸ್ಪಷ್ಟವಾಗಿ ಕೇಳಿಸಿತು. ಕೋಪ ಇಳಿದ ಮೇಲಿನ ಬಣ್ಣ, ಮಧ್ಯಾಹ್ನದ ನಿದ್ದೆಯ ಬಣ್ಣ, ಒಂದೂ ನೆರವಿಗೆ ಬರಲಿಲ್ಲ. ಎರಡು ತುಂಡು ಬಟ್ಟೆ ಹಿಡಿದ ಎರಡು ಕೈಗಳು ನಿಧಾನವಾಗಿ ಕೆಳಗಿಳಿದವು.

ಆಗ ಕಂಬಿಯ ಬಳೆಗಳ ಸದ್ದು ಮಾಡುತ್ತಾ ಹಿಂಕೋಣೆಯ ಪರದೆ ಸರ್ರನೆ ಸರಿಯಿತು. ಇಷ್ಟು ವರ್ಷಗಳಲ್ಲಿ ಗಿರಾಕಿಯ ಎದುರಿಗೆ ಅದು ಸರಿದದ್ದು ಅದೇ ಮೊದಲು. ಮಾಸ್ತರರ ಹೆಂಡತಿ ಹೊರಗೆ ಬಂದು, ಗಂಡನ ಪಕ್ಕ ನಿಂತು, ಏನೋ ಹೇಳಲು ಬಾಯಿ ತೆರೆದರು. ಗಾಳಿ ಬಂತು, ಧ್ವನಿ ಬರಲಿಲ್ಲ. ಕೈಯಲ್ಲಿದ್ದ ಫೋನನ್ನು ಎತ್ತಿ ಟಪಟಪ ಒತ್ತತೊಡಗಿದರು.

"ಏನೇ ಇದು, ಒಳಗೆ ಹೋಗೇ," ಎಂದು ಪಿಸುಗುಟ್ಟಿದರು ಮಾಸ್ತರು.

ಆಕೆ ಒತ್ತುತ್ತಲೇ ಇದ್ದರು. ಆ ಕಡೆ ಅಧ್ಯಕ್ಷೆ ಗಟ್ಟಿಯಾಗಿ ಓದತೊಡಗಿದರು:

"'ಗೊತ್ತಾಗಲ್ಲ. ಅದು ನನ್ನ ಕೆಲಸ. ಬಟ್ಟೆ ಹೇಗೆ ಬೀಳುತ್ತೆ, ಯಾವ ಕಡೆಯಿಂದ ಯಾರಿಗೆ ಏನು ಕಾಣುತ್ತೆ, ಅದು ಅವರ ಕೆಲಸ. ಹಲ್ಲಿನ ಡಾಕ್ಟರದ್ದೊಂದು ಬಿಟ್ರೆ ನಮ್ಮ ಒಂದು ಪರದೇನೂ ವಾಪಸು ಬಂದಿಲ್ಲ. ಅದೂ ನನ್ನ ಕೆಮ್ಮಿನ ತಪ್ಪು. ಇಂತಿ, ಗೋಡೌನ್.'"

ಕೊನೆಯ ಪದ ಕೇಳಿ ಮಾಸ್ತರು ಹೆಂಡತಿಯ ಮುಖ ನೋಡಿದರು. ಆ ಮುಖದ ಬಣ್ಣ ಯಾವುದೆಂದು ಅವರಿಗೆ ತಿಳಿಯಲಿಲ್ಲ. ತಿಳಿಯದೇ ಇದ್ದದ್ದೇ ಒಳ್ಳೆಯದಾಯಿತು.

ಆ ಕಡೆ ಗುಸುಗುಸು ನಡೆಯಿತು. ಮಾಸ್ತರು ಮಖಮಲ್ಲನ್ನು ಮಡಿಸಲು ಶುರು ಮಾಡಿದರು. ಜೀವಮಾನದ ಕೆಲಸ ಹೋಯಿತು, ಬಿರುದು ಹೋಯಿತು, ನಾಳೆ ಬೆಳಗಾದರೆ ಎದುರಿನ ಅಂಗಡಿಯವನು ಕುಣಿಯುತ್ತಾನೆ.

"ಮಾಸ್ತರೇ, ಮಡಿಸಬೇಡಿ," ಎಂದರು ಅಧ್ಯಕ್ಷೆ. "ಹಾಗಾದ್ರೆ ನಿಮಗೆ ಕೆಂಪು ಕಡೆನೂ ಇಲ್ಲ, ಹಸಿರು ಕಡೆನೂ ಇಲ್ಲ ಅಂತಾಯ್ತು."

"ಎರಡೂ ಒಂದೇ ಮೇಡಂ," ಎಂದರು ಮಾಸ್ತರು ಸೋತ ಧ್ವನಿಯಲ್ಲಿ.

"ನಮ್ಮೂರಲ್ಲಿ ಅಂಥ ಒಬ್ಬ ಮನುಷ್ಯ ಸಿಗಲಿಲ್ಲ ನೋಡಿ! ಎಲ್ಲರೂ ಅವರ ಕಡೆ, ಇಲ್ಲ ನನ್ನ ಕಡೆ. ನೀವೇ ಹೇಳಿ, ಯಾವುದು ಹಾಕೋಣ?"

ಮಾಸ್ತರು ಕಣ್ಣು ಕಿರಿದು ಮಾಡಿ ಯೋಚಿಸಿದರು. ಇದು ಗೇಲಿಯೋ ನಿಜವೋ ಅರ್ಥವಾಗಲಿಲ್ಲ. ಆದರೂ ಕೈ ತನ್ನ ಕೆಲಸ ಮರೆತಿರಲಿಲ್ಲ. ಎರಡೂ ತುಂಡುಗಳನ್ನು ಮೇಜಿನ ಅಂಚಿನಿಂದ ಇಳಿಬಿಟ್ಟರು, ಬೆರಳಲ್ಲಿ ಹಿಸುಕಿದರು, ಕಿಟಕಿಯ ಬೆಳಕಿಗೆ ಹಿಡಿದು, ಮೇಜು ಸುತ್ತಿಬಂದು ಆಚೆಯಿಂದ ನೋಡಿದರು.

"ಇದು," ಎಂದರು ಒಂದನ್ನು ಎತ್ತಿ. "ಯಾವುದು ಅಂತ ನನ್ನ ಕೇಳಬೇಡಿ. ಇನ್ನೊಂದು ಬೆಳಕು ಬಿಡುತ್ತೆ. ಹಿಂದೆ ದೀಪ ಹಾಕ್ಕೊಂಡು ಯಾರು ಏನು ಮಾಡಿದ್ರೂ ಮುಂದೆ ಕೂತೋರಿಗೆ ನೆರಳು ಕಾಣುತ್ತೆ."

ಆ ಕಡೆ ಒಂದು ಕುರ್ಚಿ ಸರಿದ ಸದ್ದಾಯಿತು. ಕಾರ್ಯದರ್ಶಿಗಳು ತಾವೇ ನಾಟಕದಲ್ಲಿ ಪಾತ್ರ ಮಾಡುವವರು. ಹಳೆಯ ಮಂದಿರದ ಪರದೆಯ ಹಿಂದೆ ಅವರು ಅವಸರವಸರವಾಗಿ ವೇಷ ಬದಲಿಸಿದ್ದನ್ನು, ಸಭೆಯಲ್ಲಿದ್ದ ಹೆಂಗಸರು ಮಕ್ಕಳೆಲ್ಲ ನೆರಳಿನಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ಅವರ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

"ಅದೇ ಇರಲಿ! ಬೆಳಕು ಬಿಡದೇ ಇರೋದೇ ಇರಲಿ!" ಎಂದು ಕೂಗಿದರು. ಮಾಸ್ತರು ಎತ್ತಿ ಹಿಡಿದದ್ದು ಹಸಿರು. ಕೆಂಪಿನ ಮಹಾಸೇನಾನಿ ಒಂದು ನೆರಳಿಗೆ ಹೆದರಿ ಶರಣಾಗಿದ್ದರು. ಅಧ್ಯಕ್ಷೆ ಗೆದ್ದ ಖುಷಿಯನ್ನು ನುಂಗಿಕೊಂಡು, "ಹಾಗೇ ಆಗಲಿ," ಎಂದಷ್ಟೇ ಹೇಳಿ ಕರೆ ಮುಗಿಸಿದರು. ಬಣ್ಣದ ಹೆಸರನ್ನು ಯಾರೂ ಎತ್ತಲಿಲ್ಲ.

ಸಂಜೆ ಮಗಳಿಗೆ ಫೋನು ಹೋಯಿತು. ಅವಳು ನಕ್ಕು ನಕ್ಕು ಬಿಕ್ಕಳಿಸಿದಳು. "ಅಪ್ಪಾ, ಆ ಪರದೆ ಅಂದ್ರೆ ಬಟ್ಟೆ ಅಲ್ಲಪ್ಪ, ಫೋನಿನ ಮುಖ! ಅದನ್ನ ಹಂಚ್ಕೊಂಡ್ರೆ ನಿನಗೆ ಕಾಣೋದೆಲ್ಲ ಅವರಿಗೂ ಕಾಣುತ್ತೆ. ಹಂಚ್ಕೊಳ್ಳೋ ಮುಂಚೆ ಮೆಸೇಜು ಇಳೀದ ಹಾಗೆ ನಿಲ್ಲಿಸ್ಬೇಕು, ಅದಕ್ಕೂ ಒಂದು ಗುಂಡಿ ಇದೆ."

"ಅಂದ್ರೆ ಪರದೆಗೂ ಒಂದು ಪರದೆ ಬೇಕು ಅನ್ನು."

"ಹೂಂ. ಮತ್ತೆ ನೀನೇ ಹೇಳ್ತಿದ್ದೆಯಲ್ಲ, ಮೊದಲು ಆಚೆಯಿಂದ ನೋಡ್ಬೇಕು ಅಂತ?"

ಜೀವಮಾನವಿಡೀ ಬೇರೆಯವರ ಕಿಟಕಿಯನ್ನು ಆಚೆಯಿಂದ ನೋಡಿದ ಮಾಸ್ತರು, ಸ್ವಂತ ಕಿಟಕಿಗೆ ಮಾತ್ರ ರಸ್ತೆ ದಾಟಲು ಮರೆತಿದ್ದರು.

ಈಗ ಯಾವ ಕರೆ ಬಂದರೂ ಮೊದಲು ಮಗಳಿಗೆ ಪರದೆ ತೋರಿಸಿ, "ಅಲ್ಲಿಂದ ಏನೇನು ಕಾಣುತ್ತಮ್ಮಾ?" ಎಂದು ಕೇಳಿಯೇ ಮುಂದಿನ ಕೆಲಸ. ಹೆಂಡತಿಯ ಸ್ಟೂಲು ಹಿಂಕೋಣೆಯಿಂದ ಮೇಜಿನ ಪಕ್ಕಕ್ಕೆ ಬಂದಿದೆ. ಸುದ್ದಿ ಊರೆಲ್ಲ ಹಬ್ಬಿ, ಎದುರಿನ ಅಂಗಡಿಯವನು ಕುಣಿದದ್ದೂ ನಿಜ. ಆದರೆ ಜಗಳವಾಡುವ ಗಂಡಹೆಂಡಿರು, ಅತ್ತೆಸೊಸೆಯರು, ಬಣ್ಣದಲ್ಲಿ ಪಕ್ಷವಿಲ್ಲದ ಮಾಸ್ತರು ಬೇಕೆಂದು ಹುಡುಕಿಕೊಂಡು ಬರತೊಡಗಿದಾಗ ಅವನ ಕುಣಿತ ನಿಂತಿತು.

ರಂಗದ ಪರದೆಯನ್ನು ಮಾಸ್ತರು ತಮ್ಮ ಕೈಯಾರೆ ಹೊಲಿದರು. ಹೊಲಿಯುವಾಗೆಲ್ಲ, "ಇದು ಯಾವುದೇ?" ಎಂದು ಕೇಳುತ್ತಿದ್ದರು. "ಗೋಡೌನು ಅಂದ್ರಲ್ಲ? ಗೋಡೌನಲ್ಲಿಟ್ಟದ್ದು ಗೋಡೌನಲ್ಲೇ ಇರುತ್ತೆ," ಎನ್ನುತ್ತಿದ್ದರು ಹೆಂಡತಿ.

ಉದ್ಘಾಟನೆಯ ದಿನ ದೀಪಗಳು ಹೊತ್ತಿಕೊಂಡವು, ಮಹಾಪರದೆ ಅಲೆಯಲೆಯಾಗಿ ತೂಗಿತು, ಹಿಂದೆ ಎಷ್ಟು ಗಡಿಬಿಡಿಯಿದ್ದರೂ ಒಂದು ನೆರಳೂ ಇತ್ತ ಬರಲಿಲ್ಲ. ಮಾಸ್ತರು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು. "ಈಗಲಾದ್ರೂ ಹೇ‍ಳೇ."

ಹೆಂಡತಿ ಒಂದೇ ಒಂದು ಸಲ ಕೆಮ್ಮಿದರು.

ಮಾಸ್ತರರ ಮುಖ ಅರಳಿತು. ನೆಟ್ಟಗೆ ಕಾರ್ಯದರ್ಶಿಗಳ ಹತ್ತಿರ ಹೋಗಿ, ಅವರ ಎರಡೂ ಕೈ ಹಿಡಿದು ಕುಲುಕಿ, "ಅಂತೂ ನಿಮ್ಮ ಕೆಂಪೇ ಗೆದ್ದಿತು ಸಾರ್!" ಎಂದರು. ಕಾರ್ಯದರ್ಶಿಗಳು ಒಮ್ಮೆ ಪರದೆಯನ್ನು ನೋಡಿದರು, ಒಮ್ಮೆ ಮಾಸ್ತರರನ್ನು ನೋಡಿದರು, ಆಮೇಲೆ ತಮ್ಮ ಕಣ್ಣಿನ ಮೇಲೇ ಅನುಮಾನ ಬಂದು ಕನ್ನಡಕ ತೆಗೆದು ಒರೆಸತೊಡಗಿದರು.

ಆ ಕೆಮ್ಮು ತಾನಾಗಿ ಬಂದದ್ದೋ, ಬೇಕೆಂದೇ ಬರಿಸಿಕೊಂಡದ್ದೋ? ಅದನ್ನು ಗೋಡೌನಮ್ಮನವರು ಈವರೆಗೂ ಯಾರೊಡನೆಯೂ ಹಂಚಿಕೊಂಡಿಲ್ಲ.